ಪಂದಿಕರಿಯ ‘ಕರಿ’ ಅಂದರೆ ಕಪ್ಪಾ?

ವಿರಾಜಪೇಟೆಯ ಓದುಗರೊಬ್ಬರು ಕೇಳಿದ್ದಾರೆ: “ನಾನು ಹಾಸನದ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದೆ. ಇಲ್ಲಿನ ಪಂದಿಕರಿ (ಹಂದಿ ಮಾಂಸದ ಅಡುಗೆ) ಕಪ್ಪಗಿರುತ್ತದೆ, ಅದಕ್ಕೇ ‘ಕರಿ’ ಅನ್ನುತ್ತಾರೆ ಅಂದುಕೊಂಡಿದ್ದೆ. ಆದರೆ ಬೈಂಬಳೆ (ಕಳಲೆ) ಕರಿ ಕಪ್ಪಗಿಲ್ಲ. ಕರಿಬೇವು ಹಸಿರು. ಮಗ ಶಾಲೆಯಿಂದ ಬಂದು ‘ಕರಿ ಅಂದ್ರೆ ಆನೆ’ ಅಂತಾನೆ. ನಾದಿನಿ ಕೇಳಿದರೆ ‘ಅದು ಇಂಗ್ಲಿಷಿನ ಕರ್ರಿ’ ಅಂತಾಳೆ. ಇವೆಲ್ಲ ಒಂದೇ ಪದವಾ? ನಾವು ಹೋಮ್‌ಸ್ಟೇ ಶುರು ಮಾಡುತ್ತಿದ್ದೇವೆ. ಊಟದ ಬೋರ್ಡಿನಲ್ಲಿ ಕರಿ ಅಂತ ಬರೆಸಬೇಕಾ, ಕರ್ರಿ ಅಂತಲಾ?”

ಒಂದೇ ಪದ ಅಲ್ಲ. ನಿಮ್ಮ ಪ್ರಶ್ನೆಯಲ್ಲೇ ಮೂರು ಬೇರೆ ಬೇರೆ ಪದಗಳಿವೆ. ಕಪ್ಪಿನ ಕರಿ ಒಂದು, ಊಟದ ಕರಿ ಇನ್ನೊಂದು, ಆನೆಯ ಕರಿ ಮತ್ತೊಂದು. ನಿಮ್ಮ ನಾದಿನಿಯ ಮಾತು ತಲೆಕೆಳಗಾಗಿದೆ. ಇಂಗ್ಲಿಷಿನದು ಪಂದಿಕರಿಗೆ ಬಂದಿಲ್ಲ, ನಮ್ಮ ದಕ್ಷಿಣದ ಪದವೇ ಇಂಗ್ಲಿಷಿಗೆ ಹೋಗಿದೆ. ಮಗ ಹೇಳಿದ್ದು ಸರಿ, ಆದರೆ ಆ ಆನೆಗೂ ನಿಮ್ಮ ಒಲೆ ಮೇಲಿನ ಪಾತ್ರೆಗೂ ಸಂಬಂಧವಿಲ್ಲ.

ಗೊಂದಲ ಆಗುವುದು ಸಹಜ. ಕನ್ನಡದಲ್ಲಿ ಇವು ಮೂರನ್ನೂ ಒಂದೇ ಥರ ಬರೆಯುತ್ತೇವೆ, ಒಂದೇ ಥರ ಹೇಳುತ್ತೇವೆ. ಕೊಡಗಿನಲ್ಲಿ ಒಂದೇ ಹೆಸರಿನ ಇಬ್ಬರು ಸಿಕ್ಕರೆ ‘ಯಾವ ಒಕ್ಕ?’, ಅಂದರೆ ಯಾವ ಮನೆತನ, ಅಂತ ಕೇಳುತ್ತಾರಲ್ಲ, ಪದಗಳಿಗೂ ಹಾಗೇ ಕೇಳಬೇಕು. ಕನ್ನಡದ ‘ಕರಿ’ಗೆ ಮಾತ್ರ ಆ ಒಕ್ಕದ ಗುರುತು ಅಳಿಸಿಹೋಗಿದೆ. ಅಳಿಸಿದ್ದು ಒಂದು ಅಕ್ಷರ.

ಹಳಗನ್ನಡದಲ್ಲಿ ಎರಡು ‘ರ’ ಇದ್ದವು. ಒಂದು ನಮ್ಮ ಮಾಮೂಲಿ ರ. ಇನ್ನೊಂದು ಱ. ಅದನ್ನು ಶಕಟರೇಫ ಅನ್ನುತ್ತಾರೆ. ಹಳೆಯ ಶಾಸನಗಳಲ್ಲಿ, ಕಾವ್ಯಗಳಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಎರಡಕ್ಕೂ ಉಚ್ಚಾರ ಬೇರೆ, ಅರ್ಥವೂ ಬೇರೆ. ‘ಅರಿ’ ಅಂದರೆ ಕತ್ತರಿಸು, ‘ಅಱಿ’ ಅಂದರೆ ತಿಳಿದುಕೋ. ಸಂಖ್ಯೆ ಆರು ಆಗ ‘ಆಱು’. ನಡುಗನ್ನಡದ ಹೊತ್ತಿಗೆ ಈ ಎರಡೂ ಕಲೆತು ಒಂದಾದವು. ಆಮೇಲೆ ಬರೆಯುವಾಗಲೂ ಯಾವುದಕ್ಕೆ ಯಾವುದು ಅನ್ನುವುದು ತಪ್ಪತೊಡಗಿ, ಕೊನೆಗೆ ಱ ಬಳಕೆಯಿಂದಲೇ ಹೋಯಿತು. ಈಗ ಕಾಲೇಜಿನ ಹಳಗನ್ನಡ ಪಾಠ ಬಿಟ್ಟರೆ ಅದನ್ನು ಕಾಣುವುದು ಅಪರೂಪ. (ಯೂನಿಕೋಡ್‌ನಲ್ಲಿ ಅದಕ್ಕೆ ಜಾಗ ಕೊಟ್ಟಿದ್ದಾರೆ. ನಾನು ಈಗ ಟೈಪ್ ಮಾಡಿದ್ದು ಅದೇ ದಾರಿಯಿಂದ.)

ತಮಿಳು, ಮಲಯಾಳಗಳಲ್ಲಿ ಈ ಎರಡು ರಗಳು ಬರವಣಿಗೆಯಲ್ಲಿ ಇಂದಿಗೂ ಬೇರೆ ಬೇರೆ. ತಮಿಳರು ಮಾತಿನಲ್ಲಿ ಹೆಚ್ಚಿನ ಕಡೆ ಎರಡನ್ನೂ ಬೆರೆಸಿಬಿಟ್ಟಿದ್ದಾರೆ. ಮಲಯಾಳದಲ್ಲಿ ಮಾತಿನಲ್ಲೂ ವ್ಯತ್ಯಾಸ ಗಟ್ಟಿಯಾಗಿದೆ. ಅಲ್ಲಿ ಕರಿ ಅಂದರೆ ಇದ್ದಿಲು, ಮಸಿ. ಕಱಿ ಅಂದರೆ ಅನ್ನದ ಜೊತೆ ಕಲಸಿಕೊಳ್ಳುವ ಪದಾರ್ಥ. ನಿಮ್ಮ ಪೇಟೆಯಲ್ಲಿ ಮಲಯಾಳ ಆಡುವವರಿಗೇನು ಬರ ಇಲ್ಲ. ಯಾರಾದರೂ ಪರಿಚಯದವರ ಬಾಯಲ್ಲಿ ಇವೆರಡನ್ನೂ ಒಂದರ ಹಿಂದೆ ಒಂದು ಹೇಳಿಸಿ ಕೇಳಿ. ಮೊದಲನೆಯದು ಮೆತ್ತಗೆ, ನಾಲಿಗೆ ಒಮ್ಮೆ ತಾಗಿ ಹೋಗುತ್ತದೆ. ಎರಡನೆಯದರಲ್ಲಿ ನಾಲಿಗೆ ಅದುರುತ್ತದೆ. ಮೀನ್‌ಕಱಿ ಬಡಿಸಿ ಅನ್ನುವ ಬದಲು ಮೀನ್‌ಕರಿ ಅಂದರೆ ಅವರಿಗೆ ಸುಟ್ಟ ಮೀನಿನ ಇದ್ದಿಲೇ ನೆನಪಾದೀತು!

ಹಾಗಾಗಿ ಪಂದಿಕರಿಯ ಕರಿ ಯಾವ ಒಕ್ಕದ್ದು ಅನ್ನುವುದಕ್ಕೆ ಇಲ್ಲೇ ಉತ್ತರ ಸಿಗುತ್ತದೆ. ಅದು ಕಱಿ. ಕೊಡವದಲ್ಲೂ ಎರಡು ರಗಳ ವ್ಯತ್ಯಾಸ ಈಗ ಇಲ್ಲ, ಮೇಲಾಗಿ ಕೊಡವವನ್ನು ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ. ಆದ್ದರಿಂದ ಕಾಗುಣಿತ ನೋಡಿ ಏನೂ ಗೊತ್ತಾಗುವುದಿಲ್ಲ. ಆದರೆ ಕೋಳಿಕರಿ, ಮೀನ್ ಕರಿ, ಬೈಂಬಳೆ ಕರಿ ಅನ್ನುವಾಗ ಬಣ್ಣದ ಮಾತೇ ಇಲ್ಲ. ಕಳಲೆ, ಅಣಬೆ, ಕಾಡುಮಾವು, ಯಾವುದನ್ನು ಬೇಯಿಸಿ ಮಸಾಲೆ ಹಾಕಿದರೂ ಅದು ಕರಿಯೇ. ಇದು ಮಲಯಾಳ, ತಮಿಳಿನ ಕಱಿಯ ಸೀದಾ ನೆಂಟ. ಮಾಂಸಕ್ಕೆ ಕೊಡವದಲ್ಲಿ ಎರ್ಚಿ, ಮಲಯಾಳದಲ್ಲಿ ಇಱಚ್ಚಿ. ಅಲ್ಲೂ ಅದೇ ಕಥೆ.

ನುಡಿಯರಿಮೆಯವರು ಕೊಡವವನ್ನು ಕನ್ನಡದ ಉಪಭಾಷೆ ಅನ್ನುವುದಿಲ್ಲ, ದಕ್ಷಿಣ ದ್ರಾವಿಡದಲ್ಲಿ ತಮಿಳು-ಮಲಯಾಳದ ಕಡೆಯ ಕೊಂಬೆಗೆ ಸೇರಿಸುತ್ತಾರೆ. ಮರ್ರೆ ಎಮೆನೋ ಅನ್ನುವ ಭಾಷಾ ವಿದ್ವಾಂಸರು 1935ರಿಂದ 1938ರವರೆಗೆ ಭಾರತದಲ್ಲಿದ್ದು ತೋಡ, ಕೋತ ಭಾಷೆಗಳ ಜೊತೆ ಕೊಡವವನ್ನೂ ಜನರ ಬಾಯಿಂದಲೇ ಕೇಳಿ ದಾಖಲಿಸಿದರು. ಆಮೇಲೆ ಥಾಮಸ್ ಬರೋ ಜೊತೆ ಸೇರಿ ದ್ರಾವಿಡ ಪದಗಳ ಮೂಲ ಹೇಳುವ ದೊಡ್ಡ ನಿಘಂಟು ಮಾಡಿದರು. ಅದರ ಮೊದಲ ಮುದ್ರಣ 1961ರದ್ದು, ಎರಡನೆಯದು 1984ರದ್ದು. ಅದರಲ್ಲಿ ಕಪ್ಪಿನ ಕರಿಗೂ ಊಟದ ಕಱಿಗೂ ಬೇರೆ ಬೇರೆ ನಮೂದುಗಳು.

ಹಾಗಾದರೆ ಪಂದಿಕರಿ ಕಪ್ಪಗಿರುವುದು? ಅದು ಕಾಚಂಪುಳಿಯ ಕೆಲಸ. ಪುಳಿಯ ಹಣ್ಣಿನ ರಸ ಇಳಿಸಿ, ಕುದಿಸಿ ಕುದಿಸಿ ಗಟ್ಟಿ ಮಾಡಿದಾಗ ಅದು ಟಾರಿನ ಬಣ್ಣಕ್ಕೆ ಬರುತ್ತದೆ. ಜೊತೆಗೆ ಕಪ್ಪಾಗುವಷ್ಟು ಹುರಿದ ಜೀರಿಗೆ, ಕೊತ್ತಂಬರಿ, ಕರಿಮೆಣಸಿನ ಪುಡಿ. ಹೆಸರಿಗೂ ಬಣ್ಣಕ್ಕೂ ತಾಳೆಯಾದದ್ದು ಕಾಕತಾಳೀಯ. ಇದೇ ಹಣ್ಣಿನ ಸಿಪ್ಪೆಯನ್ನು ಕೇರಳದವರು ಹೊಗೆಯಲ್ಲಿ ಒಣಗಿಸಿ ಕುಡಂಪುಳಿ ಅಂತ ಮೀನಿಗೆ ಹಾಕುತ್ತಾರೆ. ಆ ಸಾರು ಕೆಂಪಗಿದ್ದರೂ ಅದೂ ಕಱಿಯೇ.

ಈಗ ಕಪ್ಪಿನ ಕರಿ. ಇದು ದ್ರಾವಿಡ ಭಾಷೆಗಳಲ್ಲೆಲ್ಲ ಹರಡಿರುವ ಹಳೆಯ ಬೇರು. ಕರಿ, ಕರಿದು, ಕರ್ರಗೆ, ಕರಕಲು ಎಲ್ಲ ಇದರ ಮಕ್ಕಳು. ತಮಿಳಿನ ಕರು, ಮಲಯಾಳದ ಕರಿ, ತೆಲುಗಿನ ಕರ್ರಿ ಕೂಡ. ಬೇರಿನಲ್ಲಿ ಬಣ್ಣದಷ್ಟೇ ಬೆಂಕಿಯೂ ಇದೆ. ಸುಟ್ಟು ಕಪ್ಪಾಗುವುದು ಅನ್ನುವ ಅರ್ಥ ತಮಿಳು, ಮಲಯಾಳದಲ್ಲಿ ಇಂದಿಗೂ ಜೀವಂತ. ಒಲೆ ಮೇಲೆ ಸೀದುಹೋದರೆ ಮಲಯಾಳಿಗಳು ‘ಕರಿಞ್ಞು ಪೋಯಿ’ ಅನ್ನುತ್ತಾರೆ. ನಾವು ಎಣ್ಣೆಯಲ್ಲಿ ವಡೆ ಕರಿಯುತ್ತೇವಲ್ಲ, ಆ ಕ್ರಿಯಾಪದವನ್ನೂ ನಾನು ಈ ಬೆಂಕಿಯ ಗುಂಪಿಗೇ ಸೇರಿಸುತ್ತೇನೆ. ಕಪ್ಪಾಗುವ ಮೊದಲೇ ತೆಗೆದರೆ ಅದು ಅಡುಗೆ, ಅಷ್ಟೆ. ಅಂದರೆ ಅಡುಗೆಮನೆಯಲ್ಲೇ ಎರಡು ಕರಿಗಳಿವೆ. ‘ಮೀನು ಕರಿ’ ಅಂತ ಕನ್ನಡದಲ್ಲಿ ಹೇಳಿದರೆ ಎಣ್ಣೆಗೆ ಹಾಕು ಅಂತ. ಕೊಡವದಲ್ಲಿ ‘ಮೀನ್ ಕರಿ’ ಅಂದರೆ ಸಾರಿನಲ್ಲಿ ಬೆಂದ ಮೀನು. ಹೊಸದಾಗಿ ಮದುವೆಯಾಗಿ ಬಂದವರಿಗೆ ಈ ಎಡವಟ್ಟು ಆಗಿರಲೇಬೇಕು, ಅಲ್ವಾ?

ಸಂಕ್ರಾಂತಿಯ ಮರುದಿನ ‘ಇವತ್ತು ಕರಿ, ಶುಭಕಾರ್ಯ ಬೇಡ’ ಅನ್ನುವ ಕರಿಯೂ ಕಪ್ಪಿನ ಗುಂಪಿನದೇ. ತಮಿಳರೂ ಕರಿನಾಳ್ ಅನ್ನುತ್ತಾರೆ, ಮಾಮೂಲಿ ರ ಹಾಕಿ. ಕರ್ನಾಟಕ ಅನ್ನುವ ಹೆಸರನ್ನೂ ಕೆಲವರು ಇಲ್ಲಿಗೇ ತರುತ್ತಾರೆ. ಕರಿ ಮಣ್ಣಿನ ನಾಡು ಅಂತ ಒಂದು ವಾದ, ಕರು ಅಂದರೆ ಎತ್ತರ, ಎತ್ತರದ ನಾಡು ಅಂತ ಇನ್ನೊಂದು. ಆ ಜಗಳಕ್ಕೆ ಇಲ್ಲಿ ಕೈ ಹಾಕುವುದಿಲ್ಲ.

ಕರಿಮೆಣಸಿನಲ್ಲಿ ಇರುವುದು ಕಪ್ಪಿನ ಕರಿ. ನಿಮ್ಮ ತೋಟದಲ್ಲಿ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಗೊಂಚಲು ಹಸಿರಾಗಿರುತ್ತದೆ, ಕಣದಲ್ಲಿ ಒಣಗಿದ ಮೇಲೆ ಕಪ್ಪು. ಸಿಪ್ಪೆ ತೆಗೆದರೆ ಬಿಳಿಮೆಣಸು. ಆದರೆ ಇಲ್ಲೊಂದು ಒಳಕಥೆ ಇದೆ. ಮೊದಲು ಬರೀ ‘ಮೆಣಸು’ ಅಂದರೆ ಇದೇ. ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದಿಂದ ಮೆಣಸಿನಕಾಯಿ ಬಂದು, ಆ ಹೆಸರನ್ನು ಅದೂ ಹಂಚಿಕೊಂಡಿತು. ಆಗ ಹಳೆಯದಕ್ಕೆ ಒಂದು ವಿಶೇಷಣ ಬೇಕಾಯಿತು. ಕನ್ನಡದ ಹಲವು ಕಡೆ ಅದು ಕರಿಮೆಣಸು ಆಯಿತು, ಮಲೆನಾಡು-ಕರಾವಳಿಯ ಕಡೆ ಒಳ್ಳೆಮೆಣಸು ಆಯಿತು. ತುಳುವಿನಲ್ಲಿ ಎಡ್ಡೆ ಮುಂಚಿ, ಮಲಯಾಳದಲ್ಲಿ ನಲ್ಲಮುಳಗ್. ಎಲ್ಲದರ ಅರ್ಥವೂ ಒಳ್ಳೆಯ ಮೆಣಸು ಅಂತಲೇ. ಹೊಸದನ್ನು ಒಲೆಗೆ ಸೇರಿಸಿಕೊಂಡರು, ಒಳ್ಳೆಯದು ಅನ್ನುವ ಬಿರುದು ಮಾತ್ರ ಹಳೆಯದಕ್ಕೇ ಉಳಿಸಿದರು.

ಇನ್ನೂ ಮಜಾ ಅಂದರೆ, ಹಳೆಯ ತಮಿಳಿನಲ್ಲಿ ಕಱಿ ಅನ್ನುವ ಪದಕ್ಕೇ ಕಾಳುಮೆಣಸು ಅನ್ನುವ ಅರ್ಥ ಇತ್ತು. ಸಂಗಂ ಕಾಲದ ತಮಿಳು ಕಾವ್ಯ ಅಗನಾನೂರಿನ 149ನೆಯ ಪದ್ಯದಲ್ಲಿ ಕೇರಳ ಕರಾವಳಿಯ ಮುಸಿರಿ ಬಂದರಿನ ವರ್ಣನೆ ಬರುತ್ತದೆ. ಯವನರ (ಗ್ರೀಕ್-ರೋಮನ್ ವ್ಯಾಪಾರಿಗಳ) ಚಂದದ ಹಡಗುಗಳು ಚಿನ್ನ ತಂದು ಕಱಿ ಒಯ್ಯುತ್ತಿದ್ದವು ಅಂತ. ಅಲ್ಲಿ ಕಱಿ ಅಂದರೆ ಸಾರು-ಪಲ್ಯ ಅಲ್ಲ. ಹಡಗಿಗೆ ತುಂಬುತ್ತಿದ್ದದ್ದು ಮೆಣಸು. ಅದೇ ಪದ ಆಮೇಲೆ ಬೇಯಿಸಿದ ತರಕಾರಿ, ಮಾಂಸ ಅನ್ನುವ ಅರ್ಥಕ್ಕೆ ಗಟ್ಟಿಯಾಗಿ ನಿಂತಿತು. ತಮಿಳಿನಲ್ಲಿ ಕಱಿ ಕ್ರಿಯಾಪದವೂ ಹೌದು, ಕಚ್ಚು, ಕಡಿದು ತಿನ್ನು ಅಂತ. ಹಾಗಾಗಿ ‘ಕಚ್ಚಿ ತಿನ್ನುವಂಥದ್ದು’ ಅನ್ನುವುದರಿಂದ ಊಟದ ಕಱಿ ಬಂತು ಅಂತ ಕೆಲವರು, ‘ಮೆಣಸು ಹಾಕಿದ್ದು’ ಅನ್ನುವುದರಿಂದ ಬಂತು ಅಂತ ಇನ್ನು ಕೆಲವರು. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆ. ಮೆಣಸಿನಕಾಯಿ ಬರುವ ಮೊದಲು ಈ ಕಡೆ ಅಡುಗೆಗೆ ಖಾರ ಕೊಡುತ್ತಿದ್ದದ್ದು ಮುಖ್ಯವಾಗಿ ಇದೇ ಕಾಳುಮೆಣಸು ತಾನೇ?

ಇಂದಿನ ತಮಿಳಿನಲ್ಲೂ ಕಱಿಗೆ ಒಂದೇ ಅರ್ಥ ಇಲ್ಲ. ಮಾಂಸ ತಿನ್ನುವ ಎಷ್ಟೋ ಮನೆಗಳಲ್ಲಿ ಬರೀ ಕಱಿ ಅಂದರೆ ಮಾಂಸ. ತಿನ್ನದವರ ಮನೆಯಲ್ಲಿ ಕಱಿ ಅಂದರೆ ತರಕಾರಿಯ ಪಲ್ಯ. ಮಲಯಾಳದಲ್ಲಿ ಅನ್ನಕ್ಕೆ ಕಲಸುವುದು, ನೆಂಚಿಕೊಳ್ಳುವುದು ಎರಡೂ ಕಱಿ. ತುಳುವಿನವರಿಗೆ ಈ ಪದವೇ ಬೇಕಿಲ್ಲ, ಅವರಿಗೆ ಕಜಿಪು ಇದೆ, ಗಸಿ ಇದೆ. ತೆಲುಗಿನವರಿಗೆ ಕೂರ. ಕನ್ನಡದಲ್ಲಿ ನಾವು ಪಲ್ಯ, ಸಾರು, ಹುಳಿ, ಗೊಜ್ಜು, ಮೇಲೋಗರ ಅಂತ ಬಗೆಬಗೆಯಾಗಿ ಹಂಚಿಕೊಂಡಿದ್ದೇವೆ. ಎಲ್ಲಕ್ಕೂ ಸೇರಿ ಒಂದು ಪದ ನಮಗೆ ಬೇಕಾಗಿರಲಿಲ್ಲ. ಅದಕ್ಕೇ ಹಾಸನದ ಕಿವಿಗೆ ಕರಿ ಅಂದ ಕೂಡಲೇ ಕಪ್ಪು ಕೇಳಿಸುವುದು.

ಕರಿಬೇವು ಮಾತ್ರ ತಕರಾರಿನ ಗಿರಾಕಿ. ಕನ್ನಡದಲ್ಲಿ ನೋಡಿದರೆ ‘ಕಪ್ಪು ಬೇವು’ ಅನಿಸುತ್ತದೆ. ಹಾಗೆ ಹೇಳುವವರ ಹತ್ತಿರ ಆಧಾರವೂ ಇದೆ. ಈ ಮರದ ಹಣ್ಣು ಮಾಗಿದಾಗ ಕಪ್ಪಾಗುತ್ತದೆ. ಸಂಸ್ಕೃತದಲ್ಲಿ ಕೃಷ್ಣನಿಂಬ ಅನ್ನುವ ಹೆಸರಿದೆ, ಅಂದರೆ ಕಪ್ಪು ಬೇವು. ತಮಿಳರಲ್ಲೂ ಎಷ್ಟೋ ಜನ ಮಾತಿನಲ್ಲಿ ಕರುವೇಪ್ಪಿಲೈ ಅನ್ನುತ್ತಾರೆ. ಆದರೆ ತಮಿಳಿನ ಬರವಣಿಗೆಯಲ್ಲಿ ನಿಂತಿರುವುದು ಕಱಿವೇಪ್ಪಿಲೈ, ಮಲಯಾಳದಲ್ಲಿ ಕಱಿವೇಪ್ಪಿಲ. ಎರಡರಲ್ಲೂ ಱ. ಮಲಯಾಳದವರು ರ-ಱ ಬೆರೆಸುವವರಲ್ಲ. ಅವರ ನಾಲಿಗೆಯ ಸಾಕ್ಷಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಅಡುಗೆಗೆ ಹಾಕುವ ಬೇವು, ಔಷಧಿಯ ಕಹಿಬೇವಲ್ಲ ಅನ್ನುವ ಅರ್ಥ ನನಗೆ ಸಲೀಸಾಗಿ ಕಾಣುತ್ತದೆ. ಸಂಸ್ಕೃತದ ಹೆಸರು ಆಮೇಲೆ ಯಾರೋ ‘ಕರಿ’ಯನ್ನು ಕಪ್ಪು ಅಂತ ತಿಳಿದು ಕಟ್ಟಿದ್ದಿರಲೂಬಹುದು. ಇದು ನನ್ನ ಓಟು, ತೀರ್ಪಲ್ಲ.

ಹಿಂದಿಯವರ ಕಢೀ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಪ್ರವಾಸಿಗಳು ಅದನ್ನೂ ಇದಕ್ಕೆ ಗಂಟು ಹಾಕುತ್ತಾರೆ. ಮಜ್ಜಿಗೆಗೆ ಕಡಲೆಹಿಟ್ಟು ಕಲಸಿ ಕುದಿಸುವ ಆ ಕಢೀ, ಸಂಸ್ಕೃತದ ‘ಕ್ವಥ್’ ಅಂದರೆ ಕುದಿಸು ಅನ್ನುವ ಧಾತುವಿನಿಂದ ಬಂದದ್ದು. ನಮ್ಮ ಕಷಾಯಕ್ಕೆ ಕ್ವಾಥ ಅನ್ನುತ್ತಾರಲ್ಲ, ಅದರ ಬಳಗ. ಕಱಿಗೂ ಅದಕ್ಕೂ ರಕ್ತಸಂಬಂಧ ಇಲ್ಲ.

ಆನೆಯ ಕರಿ ಸಂಸ್ಕೃತದ್ದು. ಕರ ಅಂದರೆ ಕೈ. ಕೈ ಇರುವುದು ಕರಿ. ಸೊಂಡಿಲನ್ನೇ ಕೈ ಅಂತ ಎಣಿಸಿದ್ದಾರೆ. ಹಸ್ತದಿಂದ ಹಸ್ತಿ ಆದದ್ದೂ ಹೀಗೆಯೇ. ಆನೆ ಕಪ್ಪಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಮಗನಿಗೆ ಅದನ್ನೊಂದು ಹೇಳಿ. ಈ ಪದ ಕನ್ನಡಕ್ಕೆ ಕಾವ್ಯದ ದಾರಿಯಲ್ಲಿ ಬಂತು. ಬಸವಣ್ಣನವರ ವಚನದಲ್ಲಿ ಅಂಕುಶದ ಎದುರು ನಿಲ್ಲುವ ಕರಿ ಇದೇ. ಮಾತಿನಲ್ಲಿ ಮಾತ್ರ ಅದು ಬೇರು ಬಿಡಲಿಲ್ಲ. ರಾತ್ರಿ ಕಾಫಿ ತೋಟಕ್ಕೆ ನುಗ್ಗಿದರೆ ಸಿದ್ದಾಪುರದಲ್ಲಾಗಲಿ ತಿತಿಮತಿಯಲ್ಲಾಗಲಿ ಯಾರೂ ‘ಕರಿ ಬಂತು’ ಅಂತ ಕೂಗುವುದಿಲ್ಲ. ಆನೆ ಅಂತಲೇ ಕೂಗುತ್ತಾರೆ. ಕನ್ನಡ, ಕೊಡವ, ತುಳು ಮೂರರಲ್ಲೂ ಅದೇ ಆನೆ. ಮಲಯಾಳದಲ್ಲಿ ಆನ, ತಮಿಳಿನಲ್ಲಿ ಯಾನೈ.

ತಮಿಳಿನಲ್ಲಿ ಇನ್ನೊಂದು ಕರಿ ಇತ್ತು, ಈಗ ಮಾತಿನಲ್ಲಿಲ್ಲ. ಸಾಕ್ಷಿ ಅನ್ನುವ ಅರ್ಥ. ತಿರುಕ್ಕುರಳಿನ 25ನೆಯ ಕುರಳಿನಲ್ಲಿ, ಐದು ಇಂದ್ರಿಯಗಳನ್ನು ಗೆದ್ದವನ ಶಕ್ತಿಗೆ ಇಂದ್ರನೇ ಕರಿ ಅನ್ನುತ್ತಾನೆ ವಳ್ಳುವರ್. ಇದ್ದಿಲು ಅಂತಲೋ ಆನೆ ಅಂತಲೋ ಓದಿದರೆ ಕೆಟ್ಟಿತು!

ಈಗ ನಾದಿನಿಯ ಇಂಗ್ಲಿಷ್. ಕಱಿ ಮೊದಲು ಪೋರ್ಚುಗೀಸರ ಬಾಯಿಗೆ ಬಿದ್ದು ಕರಿಲ್ ಆಯಿತು. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ಅನ್ನುವ ಆಂಗ್ಲೋ-ಇಂಡಿಯನ್ ನಿಘಂಟು, ಈ ಕರಿಲ್ ರೂಪ ಪೋರ್ಚುಗೀಸರಿಗೆ ಕನ್ನಡದಿಂದ ಸಿಕ್ಕಿತು ಅನ್ನುತ್ತದೆ. ನಮಗೆ ಹೆಮ್ಮೆ ಪಡುವ ಆಸೆಯಾಗುತ್ತದೆ, ನಿಜ. ಆದರೆ ನಾನು ಅದನ್ನು ಅನುಮಾನದಿಂದಲೇ ನೋಡುತ್ತೇನೆ. ಗೋವೆಯ ಪೋರ್ಚುಗೀಸರು ಕೊಂಕಣಿಯನ್ನೇ ‘ಕನಾರಿಂ’ ಅನ್ನುತ್ತಿದ್ದರು. ಥಾಮಸ್ ಸ್ಟೀಫನ್ಸ್ ಬರೆದು 1640ರಲ್ಲಿ ಅಚ್ಚಾದ ಕೊಂಕಣಿ ವ್ಯಾಕರಣದ ಹೆಸರಲ್ಲೇ ಆ ಪದ ಇದೆ. ಕನ್ನಡ ಅಂದದ್ದು ಕೊಂಕಣಿಯನ್ನೇ ಇರಬೇಕು.

ಇಂಗ್ಲೆಂಡಿನಲ್ಲಿ ಹನ್ನಾ ಗ್ಲಾಸ್ 1747ರಲ್ಲಿ ತಂದ ಅಡುಗೆ ಪುಸ್ತಕದಲ್ಲಿ ‘ಇಂಡಿಯಾ ರೀತಿಯ ಕರ್ರಿ’ ಮಾಡುವ ಕ್ರಮ ಇದೆ. ಅದಕ್ಕೂ ಮೊದಲು ಅಲ್ಲಿ ‘ಕರಿ’ ಇತ್ತು ಅನ್ನುವವರೂ ಇದ್ದಾರೆ. ಸುಮಾರು 1390ರ, ಎರಡನೆಯ ರಿಚರ್ಡ್ ದೊರೆಯ ಅಡುಗೆಯವರ ಪುಸ್ತಕದ ಹೆಸರಿನಲ್ಲಿ ‘ಕ್ಯೂರಿ’ ಅನ್ನುವ ಪದ ಬರುತ್ತದೆ ಅನ್ನುವುದು ಅವರ ಆಧಾರ. ಅದು ಫ್ರೆಂಚ್ ಕಡೆಯಿಂದ ಬಂದ ಪದ, ಸುಮ್ನೆ ‘ಅಡುಗೆ’ ಅಂತ ಅರ್ಥ. ನಮ್ಮ ಮಸಾಲೆಗೂ ಅದಕ್ಕೂ ನಂಟಿಲ್ಲ. ಕುದುರೆ ಮೈ ಉಜ್ಜುವುದಕ್ಕೂ ಇಂಗ್ಲಿಷಿನಲ್ಲಿ ಕರ್ರಿ ಅನ್ನುತ್ತಾರೆ. ಅದು ಇನ್ನೊಂದು ಹಳೆಯ ಫ್ರೆಂಚ್ ಪದ.

ಇಂಗ್ಲಿಷಿನಿಂದ ಜಪಾನಿಗೆ ಹೋಗಿ ಅದು ಕರೇ ಆಯಿತು, 1868ರಿಂದ 1912ರವರೆಗಿನ ಮೇಜಿ ಕಾಲದಲ್ಲಿ. ಇವತ್ತು ಕರೇ-ರೈಸು ಅಲ್ಲಿ ಮನೆಮನೆಯ ಊಟ. ಆದರೆ ಜಪಾನಿಯಲ್ಲಿ ಮೊದಲಿನಿಂದಲೂ ಅವರದೇ ಒಂದು ‘ಕರಿ’ ಇದೆ. ಅರ್ಥ ಬೇಟೆ. ಕಾಡುಹಂದಿ ಬೇಟೆಯ ಹೆಸರುವಾಸಿ ಇದ್ದ ಕೊಡಗಿಗೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಬೇಟೆ ಇಲ್ಲ, ಸಾಕಿದ ಹಂದಿಯೇ. ಹೋಮ್‌ಸ್ಟೇಗೆ ಬಂದ ಅತಿಥಿ ಯಾರಾದರೂ ‘ಪಂದಿಕರಿ ಅಂದರೆ ಹಂದಿಬೇಟೆ, ಜಪಾನಿ ಪದ’ ಅಂದರೆ ನಂಬಬೇಡಿ. ಧ್ವನಿ ಹೊಂದಿದ ಮಾತ್ರಕ್ಕೆ ನೆಂಟಸ್ತನ ಆಗುವುದಾದರೆ ಫಿನ್ನಿಷ್ ಭಾಷೆಯಲ್ಲಿ ಕರಿ ಅಂದರೆ ನೀರಿನೊಳಗಿನ ಬಂಡೆ, ಎಸ್ಟೋನಿಯದಲ್ಲಿ ದನದ ಮಂದೆ. ಅವರನ್ನೂ ಕೈಲ್‌ಪೊಳ್ದ್ ಹಬ್ಬದ ಊಟಕ್ಕೆ ಕರೆಯಬೇಕಾದೀತು.

ನಿಜವಾದ ನಂಟಿಗೆ ಎರಡು ಪುರಾವೆ ಬೇಕು. ಧ್ವನಿ ಒಂದು ಕ್ರಮದಲ್ಲಿ ಹೊಂದಬೇಕು, ಮತ್ತೆ ಮತ್ತೆ, ಬೇರೆ ಪದಗಳಲ್ಲೂ. ಕೊಡವದ ರ ಇರುವ ಕಡೆ ಮಲಯಾಳದಲ್ಲಿ ಱ ಬರುವುದು ಎರ್ಚಿಯಲ್ಲೂ ಕಂಡಿತು, ಕರಿಯಲ್ಲೂ ಕಂಡಿತು. ಎರಡನೆಯದು, ಜನ ಒಬ್ಬರನ್ನೊಬ್ಬರು ಕಂಡಿರಬೇಕು, ಒಟ್ಟಿಗೆ ಬಾಳಿರಬೇಕು, ಇಲ್ಲವೇ ವ್ಯಾಪಾರವಾದರೂ ಮಾಡಿರಬೇಕು. ಪೋರ್ಚುಗೀಸ್, ಇಂಗ್ಲಿಷ್, ಜಪಾನಿಯ ಕರೇ ಈ ಎರಡನೆಯ ಪರೀಕ್ಷೆಯಲ್ಲಿ ಪಾಸ್. ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದ ಕರಿಯೂ ಪಾಸ್, ಅಲ್ಲಿಗೆ 19ನೆಯ ಶತಮಾನದಲ್ಲಿ ತಮಿಳು ಕೂಲಿಯಾಳುಗಳು ಹೋಗಿದ್ದರು.

ಬೋರ್ಡಿನಲ್ಲಿ ಕನ್ನಡದಲ್ಲಿ ಬರೆಸುವಾಗ ‘ಪಂದಿಕರಿ’ ಅಂತಲೇ ಬರೆಸಿ. ‘ಕರ್ರಿ’ ಬೇಡ. ಅದು ಇಲ್ಲಿಂದ ಹೊರಟು ಲಂಡನ್ ಸುತ್ತಿ ವಾಪಸ್ ಬಂದ ರೂಪ. ಮನೆಯಲ್ಲೇ ಮೂಲ ರೂಪ ಇರುವಾಗ ಅದು ಯಾಕೆ? ಇಂಗ್ಲಿಷ್ ಸಾಲಿನಲ್ಲಿ ಇಂಗ್ಲಿಷಿನ ಕಾಗುಣಿತ ಇರಲಿ, ತೊಂದರೆಯಿಲ್ಲ. ‘ಪಂದಿಕಱಿ’ ಅಂತ ಬರೆಸುವ ಹುಮ್ಮಸ್ಸು ಬಂದರೆ ತಡೆದುಕೊಳ್ಳಿ. ಆ ಅಕ್ಷರ ಕಂಡ ಅತಿಥಿ ಊಟ ಹೇಳುವ ಬದಲು ಪೇಂಟರ್ ತಪ್ಪು ಮಾಡಿದ್ದಾನೆ ಅಂತ ನಿಮಗೇ ಹೇಳುತ್ತಾನೆ. ಇನ್ನೊಂದು, ಕನ್ನಡದ ಅತಿಥಿಗಳಿಗಾಗಿ ‘ಕರಿದ ಮೀನು’ ಮತ್ತು ‘ಮೀನ್ ಕರಿ’ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಿಸಿ. ಹಾಸನ, ಮಂಡ್ಯದಿಂದ ಬಂದವರು ಒಂದನ್ನು ಹೇಳಿ ಇನ್ನೊಂದಕ್ಕೆ ಕಾಯುತ್ತಾ ಕೂರುವುದು ತಪ್ಪುತ್ತದೆ.